ಪೆಡಲಿನ ಮೇಲಿನ ಮರದ ಮೆಟ್ಟು

ಬೂದು ಫರ್ಗ್ಯುಸನ್ ಟ್ರ್ಯಾಕ್ಟರಿನಲ್ಲಿ ಮುಖ್ಯವಾಗಿ ಮೂರು ಜಾತಿ. ಪೆಟ್ರೋಲ್ ಕುಡಿಯುವುದು, ಸೀಮೆಎಣ್ಣೆ ಕುಡಿಯುವುದು, ಡೀಸೆಲ್ ಕುಡಿಯುವುದು. ನೋಡಲು ಮೂರೂ ಒಂದೇ ತಾಯಿಯ ಮಕ್ಕಳು, ಬಣ್ಣವೂ ಒಂದೇ. ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. ಮೂರು ವರ್ಷ ಪ್ರತಿ ಶನಿವಾರ ನಮ್ಮ ಗ್ಯಾರೇಜಿಗೆ ಕಾಫಿ ಹೊತ್ತು ತಿಳಿದದ್ದು.

ಗ್ಯಾರೇಜಿನಲ್ಲಿದ್ದದ್ದು ನನ್ನ ಅಪ್ಪನ ಟ್ರ್ಯಾಕ್ಟರು. ಅಪ್ಪ ಸತ್ತ ಮೇಲೆ ಅದು ಕೊಟ್ಟಿಗೆಯ ಹಿಂದೆ ಮುಳ್ಳುಕಂಟಿಯೊಳಗೆ ಹನ್ನೊಂದು ವರ್ಷ ನಿಂತಿತ್ತು. ನನ್ನ ಗಂಡ ಥೋರ್ಕಿಲ್ ಅಂಚೆ ಇಲಾಖೆಯಿಂದ ಬೇಗ ನಿವೃತ್ತನಾದ. ಮನೆಯಲ್ಲಿ ಮಾಡುವುದಕ್ಕೆ ಏನೂ ಇಲ್ಲವೆಂದು ಒಂದು ವಾರ ಕಿಟಕಿಯ ಬಳಿ ನಿಂತು, ಎಂಟನೆಯ ದಿನ ಅದನ್ನು ಎಳೆದುಕೊಂಡು ಬಂದ. ಮನೆಯಲ್ಲಿ ಮಾಡುವುದಕ್ಕೆ ಏನೂ ಇಲ್ಲ ಎಂಬುದು ನನಗೆ ಹೊಸ ಸುದ್ದಿಯಾಗಿತ್ತು. ಮೂವತ್ತು ವರ್ಷದಿಂದ ನಾನೇನು ಮಾಡುತ್ತಿದ್ದೆನೋ, ದೇವರಿಗೇ ಗೊತ್ತು.

ಮೊದಲ ಕಷ್ಟ ಜಾತಿ ನಿರ್ಣಯದ್ದು. ಯಾವ ಬಗೆಯ ಎಂಜಿನ್ ಎಂದು ಹೇಳುವ ತಗಡಿನ ಫಲಕ ಎಂದೋ ಉದುರಿಹೋಗಿತ್ತು. ಪೆಟ್ರೋಲಿನದೋ ಸೀಮೆಎಣ್ಣೆಯದೋ? ಥೋರ್ಕಿಲ್‌ನ ಗೆಳೆಯ ಏಗೋನ್ ಪ್ರತಿ ಶನಿವಾರ ಬಂದು ತೀರ್ಪು ಕೊಡುತ್ತಿದ್ದ, ಮುಂದಿನ ಶನಿವಾರ ಅದನ್ನು ಬದಲಿಸುತ್ತಿದ್ದ. ಏಗೋನ್‌ನ ಹತ್ತಿರ ಇರುವುದು ನಮ್ಮದೇ ದೇಶದ ಕೆಂಪು ಬುಖ್ ಟ್ರ್ಯಾಕ್ಟರು, ಡೀಸೆಲಿನದು. ಅದು ಅವನಷ್ಟೇ ಭಾರ, ಅವನಷ್ಟೇ ನಿಧಾನ. "ನಿನ್ನ ಫರ್ಗ್ಯುಸನ್ ಹೊಲಿಗೆ ಮಷೀನು ಕಣಯ್ಯಾ, ಗಂಡಸರು ಓಡಿಸೋ ವಸ್ತುವಲ್ಲ," ಎಂದು ಅವನು ಬಂದಾಗಲೆಲ್ಲ ಎರಡು ಸಲ ಹೇಳುತ್ತಿದ್ದ. ಥೋರ್ಕಿಲ್ ಆಗ, ನೇಗಿಲನ್ನು ಎತ್ತಿ ಇಳಿಸುವ ಯಂತ್ರ ಫರ್ಗ್ಯುಸನ್‌ನ ಹೊಟ್ಟೆಯೊಳಗೇ ಇದೆಯೆಂದೂ, ಉಳಿದವರೆಲ್ಲ ಅದನ್ನು ನೋಡಿ ಕಲಿತವರೆಂದೂ ಪಾಠ ಶುರುಮಾಡುತ್ತಿದ್ದ. ನೀಲಿ ಫೋರ್ಡ್‌ಸನ್, ಗಾಳಿಯಿಂದಲೇ ತಣ್ಣಗಾಗುವ ಡಾಯಿಟ್ಸ್, ಬೇರೆ ಟ್ರ್ಯಾಕ್ಟರುಗಳೆಲ್ಲ ಅವನ ಮಾತಿನಲ್ಲಿ ಒಂದೊಂದಾಗಿ ಬಂದು ಸೋತುಹೋಗುತ್ತಿದ್ದವು. ಅಷ್ಟರಲ್ಲಿ ಕಾಫಿ ತಣ್ಣಗಾಗಿ, ನಾನು ಇನ್ನೊಂದು ಕೆಟಲು ತರಬೇಕಾಗುತ್ತಿತ್ತು.

ಎಂಜಿನ್ ಯಾವುದೆಂದು ನನಗೆ ಗೊತ್ತಿತ್ತು. ನನ್ನನ್ನು ಯಾರೂ ಕೇಳಲಿಲ್ಲ.

ಸೀಮೆಎಣ್ಣೆ ಫರ್ಗ್ಯುಸನ್ ತಣ್ಣಗಿರುವಾಗ ಸೀಮೆಎಣ್ಣೆ ಮುಟ್ಟುವುದಿಲ್ಲ. ಅದನ್ನು ಪೆಟ್ರೋಲಿನ ಮೇಲೆ ಹೊರಡಿಸಬೇಕು. ಮೈ ಚೆನ್ನಾಗಿ ಕಾದ ಮೇಲೆ ನಲ್ಲಿ ತಿರುಗಿಸಿ ಸೀಮೆಎಣ್ಣೆ ಬಿಡಬೇಕು. ಕೆಲಸ ಮುಗಿಸಿ ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಬೇಕು. ಇಲ್ಲದಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದು, ಮರುದಿನ ಬೆಳಿಗ್ಗೆ ಅದು ಸತ್ತ ಹಂದಿಯ ಹಾಗೆ ಬಿದ್ದಿರುತ್ತದೆ. ಹೊಲದಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಹಾಲಿನ ಕ್ಯಾನು ಇಡುವ ಕಟ್ಟೆಯೊಂದಿತ್ತು. ಟ್ರ್ಯಾಕ್ಟರು ಆ ಕಟ್ಟೆ ದಾಟುವಾಗ ಅದರ ಸದ್ದು ಬದಲಾಗುತ್ತಿತ್ತು. ಒರಟು ಕೆಮ್ಮು ಹೋಗಿ ಗಂಟಲು ತಿಳಿಯಾದ ಹಾಗೆ. ಆರು ವರ್ಷದ ನಾನು ಅಡುಗೆಮನೆಯಲ್ಲಿ ಆ ಸದ್ದಿಗೆ ಕಾಯುತ್ತಿದ್ದೆ. ಸದ್ದು ಬದಲಾಯಿತೋ, ಆಲೂಗಡ್ಡೆ ಪಾತ್ರೆ ಒಲೆಯ ಮೇಲಿಡಬೇಕು. ಅಮ್ಮ ಕೈ ತೊಳೆದು ಬರುವಷ್ಟರಲ್ಲಿ ಬೆಂದಿರಬೇಕು.

ಹೌದು, ಅಮ್ಮ. ಟ್ರ್ಯಾಕ್ಟರು ಓಡಿಸುತ್ತಿದ್ದವಳು ನನ್ನ ಅಮ್ಮ ಡಾಗ್ನಿ.

ಐವತ್ತಮೂರರಲ್ಲಿ ಅಪ್ಪ ಅದನ್ನು ಕೊಂಡಾಗ ನಮ್ಮ ಊರಿಗೆ ಅದೇ ಮೊದಲ ಟ್ರ್ಯಾಕ್ಟರು. ಎರಡು ದಿನ ಅಪ್ಪ ಅದನ್ನು ರಸ್ತೆಯಲ್ಲಷ್ಟೇ ಓಡಿಸಿದ. ಮೂರನೆಯ ದಿನ ಅಂಗಳದಲ್ಲಿ ನಿಲ್ಲಿಸಬೇಕಾಗಿ ಬಂದಾಗ, ಹುಟ್ಟಿದಾಗಿನಿಂದ ಕುದುರೆ ಹೂಡಿದ ಮನುಷ್ಯ, ಹಿಂದಕ್ಕೆ ವಾಲಿ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಎದೆಗೆ ಎಳೆದುಕೊಂಡು "ಪ್ರ್‌ರ್‌ರ್" ಎಂದ. ಕುದುರೆಗಳು ನಿಂತವು, ಲಾಯದಲ್ಲಿ. ಫರ್ಗ್ಯುಸನ್ ಕೋಳಿಗೂಡಿನೊಳಗೆ ಹೋಯಿತು. ಅಲ್ಲಿಂದ ಮುಂದೆ ಅಪ್ಪ ಕುದುರೆಗಳ ಜೊತೆಗಿದ್ದ, ಅಮ್ಮ ಟ್ರ್ಯಾಕ್ಟರಿನ ಜೊತೆಗಿದ್ದಳು. ಎಲ್ಡರ್ ಗಿಡದ ಎತ್ತರದ ಬೇಲಿಯ ಹಿಂದಿನ ಹೊಲಗಳನ್ನು ಅವಳು ಉತ್ತಳು, ರಸ್ತೆ ಬದಿಯ ಹೊಲವನ್ನು ಅಪ್ಪ ಕುದುರೆಗಳಿಂದ. ಕುದುರೆಗಳ ಮೇಲೆ ಅವನಿಗೆ ಪ್ರೀತಿಯೆಂದು ಊರು ತಿಳಿದುಕೊಂಡಿತು. ಊರಿನ ಸಭಾಭವನವಾದ ಪ್ಯಾರಿಷ್ ಹಾಲಿನಲ್ಲಿ ಯಾರಾದರೂ "ಕ್ರೆಸ್ಟೆನ್ ನಮಗೆಲ್ಲ ದಾರಿ ತೋರಿಸಿದವನು" ಎಂದು ಭಾಷಣ ಮಾಡಿದಾಗ ಅಪ್ಪ ಬೂಟು ನೋಡಿಕೊಳ್ಳುತ್ತಿದ್ದ, ಅಮ್ಮ ಕಾಫಿ ಬಗ್ಗಿಸುತ್ತಿದ್ದಳು. ಆ ದೃಶ್ಯ ನನ್ನ ಹೊಟ್ಟೆಯಲ್ಲಿ ನಲವತ್ತು ವರ್ಷ ಉರಿದಿದೆ.

ಹೊಟ್ಟೆ ಉರಿಯಲು ನನ್ನದೇ ಕಾರಣಗಳೂ ಇದ್ದವು. ಹಳೆ ಟ್ರ್ಯಾಕ್ಟರ್ ಸಂಘದ ಕಾರ್ಯದರ್ಶಿ ಥೋರ್ಕಿಲ್. ಸಂಘದ ನಡಾವಳಿ ಬರೆಯುವವಳು ನಾನು. ಕೊನೆಯಲ್ಲಿ ಅವನು ಸಹಿ ಹಾಕುತ್ತಾನೆ, ತುಂಬ ಗಂಭೀರವಾಗಿ.

ಇರಲಿ. ಮೂರನೆಯ ವರ್ಷ ಇಂಗ್ಲೆಂಡಿನಿಂದ ಒಬ್ಬ ಬಲ್ಲವರ ಪತ್ರ ಬಂತು. ಎಂಜಿನ್ನಿನ ನಾಲ್ಕು ಫೋಟೋ ನೋಡಿ ಅವರು ಸೀಮೆಎಣ್ಣೆಯದೇ ಎಂದು ತೀರ್ಪು ಕೊಟ್ಟಿದ್ದರು. ಥೋರ್ಕಿಲ್ ಪತ್ರಕ್ಕೆ ಚೌಕಟ್ಟು ಹಾಕಿಸಿದ. ಹೊರದೇಶದಿಂದ ಅಂಚೆಯಲ್ಲಿ ಬಂದ ಮಾತಿಗೆ ಬೆಲೆಯೇ ಬೇರೆ.

ಆಗಸ್ಟ್ ತಿಂಗಳ ಪ್ರದರ್ಶನಕ್ಕೆ ಅವನು ಅಸಲಿತನದ ವಿಭಾಗದಲ್ಲಿ ಹೆಸರು ಕೊಟ್ಟ. ಈ ವಿಭಾಗದಲ್ಲಿ ಟ್ರ್ಯಾಕ್ಟರು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಇರಬೇಕು. ಆಮೇಲೆ ಯಾರೋ ಬಳಸಿದರು, ಯಾರೋ ಬದುಕಿದರು ಎಂಬುದರ ಒಂದೊಂದು ಗುರುತಿಗೂ ಅಂಕ ಕಳೆಯುತ್ತಾರೆ. ಮಾರ್ಚ್ ತಿಂಗಳ ಒಂದು ದಿನ ಕಸದ ಬಕೆಟ್ಟಿನಲ್ಲಿ ನನಗೆ ಎರಡು ಮರದ ತುಂಡು ಕಂಡವು. ದಪ್ಪಗೆ, ಎಣ್ಣೆ ಕುಡಿದು ಕಪ್ಪಾಗಿ, ಮಧ್ಯೆ ಸವೆದು ತಗ್ಗಾಗಿದ್ದವು. ಮರದ ಮೆಟ್ಟಿನ ಅಡಿಗಳು. ಅಮ್ಮ ಕುಳ್ಳಿ, ಅವಳ ಕಾಲು ತಲುಪಲೆಂದು ಕ್ಲಚ್ಚಿನ ಪೆಡಲಿಗೆ ಒಂದು, ಬ್ರೇಕಿಗೆ ಒಂದು ಬಿಗಿದಿದ್ದವು.

"ಇವು ಅಮ್ಮನವು," ಎಂದೆ.

"ಕಾರ್ಖಾನೆಯಿಂದ ಬಂದಾಗ ಇರಲಿಲ್ಲ," ಎಂದ ಥೋರ್ಕಿಲ್.

"ಕಾರ್ಖಾನೆಯಿಂದ ಬಂದಾಗ ನಾನೂ ಹೀಗಿರಲಿಲ್ಲ."

ಅವನು ಅದನ್ನೂ ಒಂದು ಮಾಹಿತಿಯೆಂದು ಸ್ವೀಕರಿಸಿದ. ಒಂದು ತುಂಡಿಗೆ ಮೂರರಂತೆ ಆರು ಅಂಕ ಹೋಗುತ್ತದೆ ಎಂದು ವಿವರಿಸಿ, ಬೂದು ಬಣ್ಣ ಕಲಸಲು ಹೋದ. ನಾನು ತುಂಡುಗಳನ್ನು ತೊಳೆದು ಮೇಜುಬಟ್ಟೆಗಳ ಡ್ರಾಯರಿನಲ್ಲಿಟ್ಟೆ.

ಜುಲೈನಲ್ಲಿ ಹಲಗೆ ತಯಾರಾಯಿತು. ಟ್ರ್ಯಾಕ್ಟರಿನ ಮುಂದೆ ನಿಲ್ಲಿಸುವ ಹಲಗೆ. "ಮೊದಲ ಒಡೆಯ ಕ್ರೆಸ್ಟೆನ್ ವೆಸ್ಟರ್ಗೋರ್. ಇಪ್ಪತ್ತು ವರ್ಷ ಇದನ್ನು ಓಡಿಸಿ ಹೊಲ ಉತ್ತರು." ಅದು ಸುಳ್ಳು ಎಂದೆ. ಕೊಂಡ ರಸೀದಿ ಅಪ್ಪನ ಹೆಸರಿನಲ್ಲಿದೆ ಎಂದ ಥೋರ್ಕಿಲ್. ಅಮ್ಮ ಓಡಿಸಿದ್ದಕ್ಕೆ ಕಾಗದ ಏನಿದೆ? ನಾನಿದ್ದೇನೆ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅದು ದಾಖಲೆ ಅಲ್ಲವಲ್ಲ ಎಂದ, ಕೆಟ್ಟ ಮನಸ್ಸಿನಿಂದಲ್ಲ.

ಆವತ್ತೇ ತೀರ್ಮಾನ ಮಾಡಿದೆ. ಪ್ರದರ್ಶನದ ದಿನ ಅಮ್ಮ ಎಲ್ಲರೆದುರು ಆ ಸೀಟಿನ ಮೇಲೆ ಕೂರಬೇಕು. ಹಲಗೆಯ ಮೇಲೆ ಅವಳ ಹೆಸರು ಬರಬೇಕು. ಅವಳಿಗೆ ಎಪ್ಪತ್ತೊಂಬತ್ತು, ಇನ್ನು ಎಷ್ಟು ಆಗಸ್ಟ್‌ಗಳಿಗೆ ಕಾಯುವುದು?

ಶುಕ್ರವಾರ ಸಂಜೆ ಥೋರ್ಕಿಲ್ ಟ್ರ್ಯಾಕ್ಟರನ್ನು ತಾನೇ ಓಡಿಸಿಕೊಂಡು ಶಾಲೆಯ ಆಟದ ಮೈದಾನಕ್ಕೆ ಬಂದ, ಸೀಮೆಎಣ್ಣೆಯ ಮೇಲೆ, ಇಂಗ್ಲೆಂಡಿನ ಪತ್ರಕ್ಕೆ ಗೌರವ ಸಲ್ಲಿಸುತ್ತ. ಎಲ್ಲರೂ ತಿರುಗಿ ನೋಡಿದರು. ಏಗೋನ್ "ಕೆಟ್ಟದ್ದೇನಲ್ಲ" ಎಂದ. ನಮ್ಮ ಪಶ್ಚಿಮ ಯುಟ್ಲೆಂಡ್ ಸೀಮೆಯಲ್ಲಿ ಹೊಗಳಿಕೆ ಅದಕ್ಕಿಂತ ಮೇಲೆ ಏರುವುದಿಲ್ಲ. ಚರ್ಚಿನಲ್ಲಿ ನನ್ನ ಕೈಹಿಡಿದ ದಿನ ಥೋರ್ಕಿಲ್ ನನಗೂ ಅದನ್ನೇ ಹೇಳಿದ್ದ. ಅವನು ಸಾಲಿನಲ್ಲಿ ಗಾಡಿ ನಿಲ್ಲಿಸಿ, ಕೀಲಿ ತಿರುಗಿಸಿ, ಕೆಳಗಿಳಿದ.

ಸದ್ದು ಬದಲಾಗಿರಲಿಲ್ಲ. ನಲ್ಲಿ ತಿರುಗಿಸುವುದನ್ನು ಅವನು ಮರೆತಿದ್ದ. ನಾನು ಐದು ಹೆಜ್ಜೆ ದೂರದಲ್ಲಿ ಬುಟ್ಟಿ ಹಿಡಿದು ನಿಂತಿದ್ದೆ. ಹೇಳಬಹುದಿತ್ತು. ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ತೀರ್ಪುಗಾರ ಪ್ರೆಬೆನ್ ಅವರು ಬಿಳಿ ಟೋಪಿ ಹಾಕಿಕೊಂಡು, ಅಂಕದ ಹಾಳೆ ಹಿಡಿದು ಬಂದರು. ಬಣ್ಣಕ್ಕೆ ಪೂರ್ತಿ ಅಂಕ. ದೀಪಗಳಿಗೆ ಪೂರ್ತಿ. ಒಂದೊಂದು ಬೋಲ್ಟಿನ ತಲೆಯ ಮೇಲಿನ ಅಕ್ಷರವನ್ನೂ ಕನ್ನಡಕ ಏರಿಸಿ ಓದಿದರು. ಇನ್ನು ಹೊರಡಿಸಿ ಮೈದಾನದ ಸುತ್ತ ಒಂದು ಸುತ್ತು ಬರುವುದಷ್ಟೇ ಬಾಕಿ. ಹೊರಡದಿದ್ದರೆ ಸೊನ್ನೆ, ಬಣ್ಣ ಎಷ್ಟೇ ಮಿಂಚಲಿ.

ಫರ್ಗ್ಯುಸನ್ ಹೊರಡಿಸುವುದು ಗೇರಿನ ಕೋಲಿನಿಂದ. ಥೋರ್ಕಿಲ್ ಕೋಲನ್ನು ತಳ್ಳಿದ. ಎಂಜಿನ್ ತಿರುಗಿತು, ತಿರುಗಿತು, ಸುಮ್ಮನಾಯಿತು. ಇನ್ನೊಮ್ಮೆ. ಕ್ಷಣದಲ್ಲಿ ಆರು ಗಂಡಸರು ಸೇರಿದರು, ಆರು ಕಾಯಿಲೆ ಹೆಸರಿಸಿದರು. ಬ್ಯಾಟರಿ ಎಂದ ಒಬ್ಬ. ಪ್ಲಗ್ಗು ಎಂದ ಇನ್ನೊಬ್ಬ. ಒಬ್ಬ ಹಿರಿಯರು ಇದು ಬೆಳಗಿನ ತೇವದ ದೋಷ ಎಂದರು. ತಲೆಯ ಮೇಲೆ ಬಿಸಿಲು ಹೊಡೆಯುತ್ತಿತ್ತು. ಏಗೋನ್ ತನ್ನ ಬುಖ್‌ನ ಮಡ್‌ಗಾರ್ಡಿನ ಮೇಲೆ ಕೂತು ರೈ ರೊಟ್ಟಿ ತಿನ್ನುತ್ತ, "ಸೂಜಿಗೆ ದಾರ ಪೋಣಿಸಿದೆಯಾ ನೋಡು," ಎಂದ. ಥೋರ್ಕಿಲ್‌ನ ಕಿವಿ ಕೆಂಪಾಯಿತು. ಮೂರು ವರ್ಷ ಚಳಿಗಾಲದಲ್ಲಿ ಅವನ ಬೆರಳ ಸಂದಿ ಒಡೆದದ್ದು ನನಗೆ ನೆನಪಾಯಿತು. ನೆನಪಾಗಬಾರದಿತ್ತು. ನಾನು ನೆನಪನ್ನು ಬದಿಗೆ ತಳ್ಳಿ ಅಮ್ಮನನ್ನು ಕರೆಯಲು ಕಾಫಿ ಡೇರೆಗೆ ಹೋದೆ.

ಅಮ್ಮ ಕೆನೆ ಕೇಕಿನ ಎರಡನೆಯ ತುಂಡಿನಲ್ಲಿದ್ದಳು. ಸೈಕಲ್ ಹೊಡೆದುಕೊಂಡು ಬಂದಿದ್ದಳು. ತುಂಡು ಮುಗಿಸಿ, ಬಾಯಿ ಒರೆಸಿ, ನಿಧಾನವಾಗಿ ನನ್ನ ಜೊತೆ ನಡೆದಳು. ಟ್ರ್ಯಾಕ್ಟರಿನ ಹತ್ತಿರ ಬಂದು ಮೂಗು ಮುಂದೆ ಮಾಡಿದಳು.

"ನಿನ್ನೆ ಸೀಮೆಎಣ್ಣೆ ಮೇಲೇ ನಿಲ್ಲಿಸಿದ್ಯೇನೋ ಥೋರ್ಕಿಲ್?"

ಆರು ತಜ್ಞರೂ ಬಗ್ಗಿ ಮೂಸಿದರು. ಅಮ್ಮ ಕಾರ್ಬುರೇಟರಿನ ತಳದ ತಿರುಪು ತೋರಿಸಿ, ಅದನ್ನು ಸಡಿಲಿಸಿ ಒಳಗಿರುವುದನ್ನು ಬಸಿಯಲು ಹೇಳಿದಳು. ಥೋರ್ಕಿಲ್ ಅದನ್ನು ಕಾಫಿ ಲೋಟಕ್ಕೆ ಬಸಿದ. ನಲ್ಲಿಯನ್ನು ಪೆಟ್ರೋಲಿಗೆ ತಿರುಗಿಸಿ ಕೋಲು ತಳ್ಳಿದಾಗ ಟ್ರ್ಯಾಕ್ಟರು ಎರಡನೆಯ ಉಸಿರಿಗೇ ಎದ್ದಿತು. ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಎಂದು ಪ್ರೆಬೆನ್ ಅವರು ಅಮ್ಮನನ್ನು ಕೇಳಿದರು.

ಇದೇ ಗಳಿಗೆಗೆ ನಾನು ಕಾದಿದ್ದೆ. ಎಂಜಿನ್ನಿನ ಸದ್ದಿಗೂ ಮೇಲೆ ಕೂಗಿ ಹೇಳಿದೆ. "ಇದನ್ನ ಓಡಿಸಿದವಳು ಅವಳೇ. ಇಪ್ಪತ್ತು ವರ್ಷ. ನಮ್ಮಪ್ಪ ಅಲ್ಲ."

ಎಲ್ಲರೂ ಹಲಗೆಯನ್ನು ನೋಡಿದರು. ಆಮೇಲೆ ಅಮ್ಮನನ್ನು. ಊರಿನ ಪತ್ರಿಕೆಯ ಹುಡುಗಿ ಕ್ಯಾಮೆರಾ ತೆಗೆದಳು. ಹಾಗಿದ್ದರೆ ಸುತ್ತು ಅವರೇ ಬರಲಿ ಎಂದು ಪ್ರೆಬೆನ್ ಅವರು ದೊಡ್ಡ ಮನಸ್ಸು ಮಾಡಿದರು. ಏಗೋನ್ ಇಳಿದು ಬಂದು ಹತ್ತಿಸಲು ಕೈ ಚಾಚಿದ. ಅಮ್ಮ ಅವನ ಕೈ ಹಿಡಿಯದೆ ಮಡ್‌ಗಾರ್ಡು ಹಿಡಿದು ಹತ್ತಿದಳು. ಸೀಟಿನ ಮೇಲೆ ಸ್ಕರ್ಟು ಸರಿಮಾಡಿಕೊಂಡು ಕೂತು ಕಾಲು ಚಾಚಿದಳು. ಕಾಲು ಗಾಳಿಯಲ್ಲಿ ಉಳಿಯಿತು.

"ಪೆಡಲಿನ ಮೇಲಿದ್ದವು ಎಲ್ಲಿ ಹೋದವು?"

ಥೋರ್ಕಿಲ್ ನೆಲ ನೋಡಿದ. ನಾನು ಚೀಲದಿಂದ ಎರಡೂ ತುಂಡು ತೆಗೆದು ಎತ್ತಿ ಹಿಡಿದೆ. ಮೇಜುಬಟ್ಟೆಯಲ್ಲಿ ಸುತ್ತಿ ತಂದಿದ್ದೆ, ಚರ್ಚಿಗೆ ಒಯ್ಯುವ ವಸ್ತುವಿನ ಹಾಗೆ. ಇವು ಅಮ್ಮನ ಮೆಟ್ಟುಗಳು ಎಂದು ಶುರುಮಾಡಿದೆ. ಮುಂದಿನ ವಾಕ್ಯಗಳೂ ಬಾಯಿಪಾಠವಾಗಿದ್ದವು. ದುಡಿದ ಹೆಂಗಸರ ಬಗ್ಗೆ, ಹೆಸರಿಲ್ಲದ ಕೈಗಳ ಬಗ್ಗೆ.

"ನನ್ನವಲ್ಲ," ಎಂದಳು ಅಮ್ಮ. "ಕ್ರೆಸ್ಟೆನ್‌ನವು. ನಲವತ್ತನಾಲ್ಕರ ಅಳತೆ. ನನ್ನ ಮೆಟ್ಟು ಮೂವತ್ತೈದು, ಪೆಡಲಿಗೆ ಎಲ್ಲಿ ಸಾಲ್ತಿತ್ತು?"

ಅವಳು ಎಂಜಿನ್ ಆರಿಸಲಿಲ್ಲ. ಬಗ್ಗಿ, ನನ್ನ ಕಿವಿಯ ಹತ್ತಿರ ಮಾತಾಡಿದಳು. ಸದ್ದಿನಲ್ಲಿ ಉಳಿದವರಿಗೆ ಕೇಳುವಂತಿರಲಿಲ್ಲ. ಕೋಳಿಗೂಡಿನ ದಿನ ರಾತ್ರಿ ಊಟ ಮಾಡದೆ ಅಪ್ಪ ಸೌದೆ ಕೊರಡಿನ ಮೇಲೆ ಕೂತು ತನ್ನ ಹೊಸ ಮೆಟ್ಟುಗಳ ಚರ್ಮ ಕಿತ್ತು, ಅಡಿಗಳನ್ನು ಗರಗಸದಲ್ಲಿ ಕೊಯ್ದನಂತೆ. ಕ್ರಿಸ್‌ಮಸ್ಸಿಗೆ ಕೊಂಡಿದ್ದ ಒಂದೇ ಜೊತೆ. ಆ ಚಳಿಗಾಲವೆಲ್ಲ ಬಿರುಕುಬಿಟ್ಟ ಹಳೆಯವನ್ನೇ ಹುಲ್ಲು ತುರುಕಿ ಹಾಕಿಕೊಂಡನಂತೆ. ಪ್ಯಾರಿಷ್ ಹಾಲಿನಲ್ಲಿ ನಿಜ ಹೇಳಿಬಿಡುತ್ತೇನೆ ಎಂದು ಪ್ರತಿ ಸಲವೂ ಹೊರಡುತ್ತಿದ್ದನಂತೆ.

"ಹೇಳ್ಬೇಡ ಅಂದವಳು ನಾನು," ಎಂದಳು ಅಮ್ಮ.

"ಅವನ ಮರ್ಯಾದೆಗಾ?"

"ಅವನ ಮರ್ಯಾದೆ ಕಟ್ಕೊಂಡು ನನಗೇನು? ಗೊತ್ತಾಗಿದ್ರೆ ಪಾದ್ರಿ ಹೆಂಡತಿ ಕೇಕು ಹಿಡ್ಕೊಂಡು ಬರ್ತಿದ್ದಳು, ಅಯ್ಯೋ ಪಾಪ ಡಾಗ್ನಿ ಅಂತ. ಕನಿಕರ ಪಟ್ಟು ಯಾವನೋ ಆಳನ್ನ ಹುಡುಕಿ ಕೊಡ್ತಿದ್ದರು. ನಾನು ಮತ್ತೆ ಅಡುಗೆಮನೆಗೆ." ಅವಳು ಸ್ಟಿಯರಿಂಗಿನ ಮೇಲೆ ಅಂಗೈ ಇಟ್ಟಳು. "ಅಲ್ಲಿ ಬೇಲಿ ಹಿಂದೆ ಯಾರು ಕರೆದ್ರೂ ನನಗೆ ಕೇಳಿಸ್ತಿರಲಿಲ್ಲ ಸೋಲ್ವೈ. ಅತ್ತೆ ಕರೆದ್ರೂ, ನೀನು ಅತ್ತರೂ. ಬೆಳಿಗ್ಗೆಯಿಂದ ಸಂಜೆವರೆಗೆ. ಅದನ್ನ ಯಾರಿಗೆ ಹೇಳೋದು? ನೀನಾದ್ರೂ ಒಂದು ಸಲ ಕೇಳಿದ್ಯಾ?"

ಕೇಳಿರಲಿಲ್ಲ. ಮೂರು ವರ್ಷ ನನ್ನನ್ನು ಯಾರೂ ಕೇಳಲಿಲ್ಲ ಎಂದು ಕೆಟಲಿನ ಜೊತೆ ಗೊಣಗಿದವಳು, ನಲವತ್ತು ವರ್ಷ ಅವಳ ಪರವಾಗಿ ಹೊಟ್ಟೆ ಉರಿಸಿಕೊಂಡೆ. ಹೊಟ್ಟೆ ಉರಿಯುತ್ತಿದ್ದಾಗ ಅವಳು ಬೇಲಿಯ ಹಿಂದೆ ಸುಖವಾಗಿದ್ದಳು. ನಾನು ಅತ್ತದ್ದು ಕೇಳಿಸದೆ.

"ಹಲಗೆ ಹಾಗೇ ಇರಲಿ," ಎಂದಳು. "ಈಗ ಮೆಟ್ಟು ಹಾಕಿಸು."

ಪ್ರೆಬೆನ್ ಅವರು ಗಡಿಯಾರ ನೋಡಿಕೊಂಡು ನಿಯಮ ನೆನಪಿಸಿದರು. ಮರ ಸೇರಿಸಿದರೆ ಆರು ಅಂಕ ಹೋಗುತ್ತದೆ. ಥೋರ್ಕಿಲ್ ತಾನೇ ಓಡಿಸಿದರೆ ಏನೂ ಹೋಗುವುದಿಲ್ಲ, ಮೊದಲ ಬಹುಮಾನ ಬಹುತೇಕ ಅವನದೇ. ಥೋರ್ಕಿಲ್ ನನ್ನ ಕೈಯಿಂದ ತುಂಡುಗಳನ್ನು ತೆಗೆದುಕೊಂಡ. ಮಗುಚಿ ನೋಡಿದ. ಬೋಲ್ಟ್ ಕೂರುವ ತೂತಿನ ಅಂಚನ್ನು ಉಗುರಿನಿಂದ ಕೆರೆದ.

"ಇದನ್ನ ಹಾಕಿದ್ದು ಯಾವಾಗ, ಅತ್ತೆ?"

"ಕೊಂಡ ಮೂರನೇ ದಿನ."

ಅವನು ಪ್ರೆಬೆನ್ ಅವರ ಕಡೆ ತಿರುಗಿದ. ನಾನು ಮದುವೆಯಾದ ಮೇಲೆ ಅವನು ಅಧಿಕಾರದಲ್ಲಿರುವವರ ಜೊತೆ ವಾದ ಮಾಡಿದ್ದನ್ನು, ಅಂಚೆ ತೂಕದ ವಿಷಯ ಬಿಟ್ಟು, ನೋಡಿದ್ದು ಅದೇ ಮೊದಲು. ಈ ಟ್ರ್ಯಾಕ್ಟರು ಒಂದೇ ಒಂದು ಸಾಲನ್ನೂ ಈ ಮರ ಇಲ್ಲದೆ ಉತ್ತಿಲ್ಲ ಎಂದ. ಮರ ಇಲ್ಲದೆ ಅದು ಮಾಡಿದ ಏಕೈಕ ಕೆಲಸ... ಅಷ್ಟರಲ್ಲಿ ಅಮ್ಮ ಕೆಮ್ಮಿದಳು. ಕೋಳಿಗೂಡಿನ ಕತೆ ಅವನಿಗೂ ಗೊತ್ತಿತ್ತು, ನಾನೇ ಹೇಳಿದ್ದೆ. ಅವನು ವಾಕ್ಯ ನುಂಗಿಕೊಂಡ. ಆದ್ದರಿಂದ ಇದು ಅಸಲಿಯೇ ಎಂದ. ಕಾರ್ಖಾನೆಯಿಂದ ಬಂದಾಗ ಇತ್ತೇ ಎಂದರು ಪ್ರೆಬೆನ್ ಅವರು. ಇರಲಿಲ್ಲ. ಹಾಗಾದರೆ ಆರು ಅಂಕ.

"ಬರ್ಕೊಳ್ಳಿ," ಎಂದ ಥೋರ್ಕಿಲ್.

ಹಳೆಯ ಬೋಲ್ಟು ಸಿಗಲಿಲ್ಲ. ಏಗೋನ್ ತನ್ನ ಪೆಟ್ಟಿಗೆಯಿಂದ ಪೈಪಿಗೆ ಬಿಗಿಯುವ ಎರಡು ಕ್ಲಿಪ್ಪು ತಂದುಕೊಟ್ಟ. ಥೋರ್ಕಿಲ್ ಇಸ್ತ್ರಿ ಮಾಡಿದ ಅಂಗಿಯಲ್ಲೇ ಅಮ್ಮನ ಕಾಲಬುಡದಲ್ಲಿ ಮೊಣಕಾಲೂರಿ ತಿರುಪು ಬಿಗಿದ. ನನ್ನ ಮುಂದೆ ಅವನು ಎಂದೂ ಮೊಣಕಾಲೂರಿದವನಲ್ಲ. ಮದುವೆಯ ಮಾತು ಎತ್ತಿದ್ದೂ ಹಂದಿ ಮಾರುಕಟ್ಟೆಯ ಬಾಗಿಲಲ್ಲಿ, ನಿಂತುಕೊಂಡೇ.

ಅಮ್ಮ ಆತುರಪಡಲಿಲ್ಲ. ಸೀಮೆಎಣ್ಣೆ ಗಾಡಿಯೆಂದ ಮೇಲೆ ಸೀಮೆಎಣ್ಣೆಯಲ್ಲೇ ಸುತ್ತಬೇಕೆಂದಳು. ರೇಡಿಯೇಟರಿಗೆ ಗೋಣಿ ಹೊದಿಸಲು ಹೇಳಿದಳು. ಬಿಸಿ ಏರುವವರೆಗೆ ಇಪ್ಪತ್ತು ನಿಮಿಷ ಎಲ್ಲರನ್ನೂ ನಿಲ್ಲಿಸಿದಳು, ಪ್ರೆಬೆನ್ ಅವರ ಗಡಿಯಾರವನ್ನೂ ಸೇರಿಸಿ. ಆಮೇಲೆ ನಲ್ಲಿ ತಿರುಗಿಸಿ, ಕ್ಲಚ್ ಬಿಟ್ಟು, ಮೈದಾನದ ಅಂಚಿನಲ್ಲಿ ಹೊರಟಳು. ಬೆನ್ನು ನೆಟ್ಟಗೆ. ಜನ ಚಪ್ಪಾಳೆ ತಟ್ಟಿದರು, ಯಾರೋ ಹೆಸರು ಹಿಡಿದು ಕೂಗಿದರು. ಅವಳು ಯಾರ ಕಡೆಯೂ ತಿರುಗಲಿಲ್ಲ. ಸೊಕ್ಕು ಎಂದುಕೊಂಡಿರಬಹುದು ಕೆಲವರು. ಅವಳಿಗೆ ಕೇಳಿಸುತ್ತಿರಲಿಲ್ಲ ಅಷ್ಟೆ.

ಸುತ್ತು ಮುಗಿಸಿ ಕಾಫಿ ಡೇರೆ ದಾಟುವಾಗ ಅವಳ ಬಲಗೈ ಕೆಳಗೆ ಹೋಯಿತು. ಸ್ವಲ್ಪ ಮುಂದೆ ಬಂದಾಗ ಸದ್ದು ಬದಲಾಯಿತು, ಗಂಟಲು ತಿಳಿಯಾಯಿತು. ನಾನು ಒಲೆ ಎಲ್ಲಿದೆಯೆಂದು ಸುತ್ತ ನೋಡಿದೆ.

ಏಗೋನ್‌ಗೆ ಮೊದಲ ಬಹುಮಾನ ಬಂತು. ಅದನ್ನು ಅವನು ಸಹಿಸಲಾಗದಷ್ಟು ವಿನಯದಿಂದ ಹೊತ್ತುಕೊಂಡ. ನಮಗೆ ನಾಲ್ಕನೆಯದು, ಐದರಲ್ಲಿ. ಹಾಳೆಯ ಮೇಲೆ "ಪರಕೀಯ ವಸ್ತು: ಮರ, ಎರಡು" ಎಂದು ಬರೆದಿತ್ತು. ಪತ್ರಿಕೆಯಲ್ಲಿ ಅಮ್ಮನ ಫೋಟೋ ಬಂದಾಗ ಅವಳು ಕೇಕು ಹಿಡಿದು ಬಂದ ಇಬ್ಬರನ್ನು ಬಾಗಿಲಿನಿಂದಲೇ ಕಳಿಸಿದಳು. ಕೇಕು ಇಟ್ಟುಕೊಂಡಳು.

ಪ್ರದರ್ಶನದ ದಿನವೇ ಸಂಜೆ ಊಟಕ್ಕೆ ಕೂತಾಗ ಥೋರ್ಕಿಲ್ ತನ್ನ ನೋಟ್‌ಬುಕ್ಕು ತೆರೆದ. ಬಿಡಿಭಾಗಗಳನ್ನೆಲ್ಲ ಸಂಖ್ಯೆ ಸಮೇತ ಬರೆದಿಟ್ಟ ಪುಸ್ತಕ ಅದು. ಹೊಸ ಸಾಲೊಂದನ್ನು ಬರೆದು ನನ್ನ ಕಡೆ ತಿರುಗಿಸಿದ. "ಪೆಡಲಿನ ಮರ, ಎರಡು. ಕ್ರೆಸ್ಟೆನ್‌ನ ಮೆಟ್ಟು, ಅಳತೆ 44. 1953. ಅಸಲಿ." ಸರಿಯೇ ಎಂದು ಕೇಳಿದ. ಸರಿ ಎಂದೆ.

ಅವನು ಪೆನ್ನು ಮುಚ್ಚಲಿಲ್ಲ.

"ನಿನ್ನೆ ನಾನು ನಿಲ್ಲಿಸಿದಾಗ ನೀನು ಬುಟ್ಟಿ ಹಿಡ್ಕೊಂಡು ಅಲ್ಲೇ ಇದ್ದೆ. ಇವತ್ತಿನ ಹಾಗೆ ಸದ್ದು ಬದಲಾಗಲಿಲ್ಲ ಅಂತ ಗೊತ್ತಾಗಿತ್ತಾ?"

ನನ್ನನ್ನು ಯಾರೂ ಕೇಳಲಿಲ್ಲ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವನು ಕೇಳುತ್ತಿದ್ದನಲ್ಲ, ಮೂರು ವರ್ಷದಲ್ಲಿ ಮೊದಲ ಸಲ.

"ಗೊತ್ತಾಗಿತ್ತು," ಎಂದೆ.

ಅವನು ತಲೆ ಎತ್ತಿ ನನ್ನ ಮುಖ ನೋಡಿದ. ಇಷ್ಟು ವರ್ಷಕ್ಕೆ ನನ್ನ ಕಣ್ಣಿನ ಬಣ್ಣವನ್ನಾದರೂ ಗಮನಿಸಿದನೋ ಏನೋ. ಆಮೇಲೆ ಆಲೂಗಡ್ಡೆ ಪಾತ್ರೆಯನ್ನು ನನ್ನ ಕಡೆಗೆ ತಳ್ಳಿ, ಇನ್ನೂ ಏನೇನು ಗೊತ್ತು ಹೇಳು ಎಂದು ಪುಸ್ತಕದ ಹಾಳೆ ಮಗುಚಿದ.